ಬೋಲಿ

ಹಾಜರಿ ಪುಸ್ತಕದ ಹಿಂದಿನ ಹಾಳಿ.
ಎಡಕ್ಕ ಖರ್ಚು, ಬಲಕ್ಕ ಜಮಾ,
ನಡುವ ಪಟ್ಟಿ ಇಟ್ಟು ಎಳೆದ ಗೆರಿ.
ಅದೊಂದ ನೆಟ್ಟಗೈತಿ.

ಪಾಸ್‌ಪೋರ್ಟು, ಹದಿನೈದುನೂರು.
ಸ್ಟ್ಯಾಂಪ್ ಪೇಪರು, ಐನೂರು:
ಮ್ಯಾಟ್ರಿಕ್ಕಿನಾಗ ನಾ ಕಸ್ತೂರೆವ್ವ,
ಆಧಾರದಾಗ ಕಸ್ತುರಾ,
ಬ್ಯಾಂಕಿನಾಗ ಬರೇ ಕೆ.
ಮೂವರೂ ಒಬ್ಬಾಕೀನ ಅಂತ
ಜತ್ತದ ವಕೀಲರ ಮುಂದ ಆಣಿ ಮಾಡಿ ಬಂದೆ.

ಆರು ವರ್ಷ ಕಲಿಸಿದ್ದಕ್ಕ
ಹೆಡ್‌ಮಾಸ್ತರು ಬರಕೊಟ್ಟ ದಾಖಲೆ ಕನ್ನಡದಾಗ.
ಸಾಂಗ್ಲಿಯ ಅನುವಾದದಾಂವಗ ಕನ್ನಡ ಬರಾಂಗಿಲ್ಲ.
ಹಂಗಾಗಿ ಮೊದಲ ಮರಾಠಿಗೆ, ಎಂಟನೂರು,
ಅಲ್ಲಿಂದ ಇಂಗ್ಲಿಷಿಗೆ, ಹನ್ನೆರಡನೂರು.
‘ಮಕ್ಕಳ ಮ್ಯಾಲ ಜೀವ ಇಟ್ಟು ಕಲಿಸ್ಯಾರ’ ಅಂತ ಇದ್ದದ್ದು
ಎರಡು ಹೊಳಿ ದಾಟಿ
‘ಸ್ಯಾಟಿಸ್‌ಫ್ಯಾಕ್ಟರಿ’ ಆಗಿ ದಂಡಿಗೆ ಬಿತ್ತು.

ಮುಂಬೈಯೊಳಗ ಶಿಕ್ಕಾ, ಶಿಕ್ಕಾದ ಮ್ಯಾಲ ಶಿಕ್ಕಾ.
ಮಿರಜದಿಂದ ಹೋಗಿ ಬರೂ ರೈಲು, ಎರಡು ರಾತ್ರಿ ಲಾಡ್ಜು.
ರಕ್ತ, ಎಕ್ಸ್‌ರೇ, ಪೊಲೀಸ್ ಚೀಟಿ.
ಏಜೆಂಟಗ ನಲವತ್ತು. ವಿಮಾನಕ್ಕ ಇಪ್ಪತ್ತಾರು.
ಪಗಾರ ಕೈಗೆ ಬರೂತನಕ ಒಂದು ತಿಂಗಳು ಉಣ್ಣೂದು, ಇಪ್ಪತ್ತು.
ತಿರುಗಿ ಬರೂ ಟಿಕೀಟು:
ಪೆನ್ಸಿಲಿನಾಗ ಬರದೀನಿ, ಅಂಕಿ ಇಲ್ಲ.

ಮಾಲ್ದೀವ್ಸಿನ ಆ ನಡುಗಡ್ಡಿಗೆ ಸುತ್ತ ನೀರಂತ,
ಕುಡಿಯಾಕ ಬಾಟ್ಲಿ ಕೊಳ್ಳಬೇಕಂತ.
ಸಂಖದಾಗ ಟ್ಯಾಂಕರಿಗೆ ಪಾಳಿ ಹಚ್ಚಿದಾಕಿಗೆ
ಅದೇನ ಹೊಸಾದು?
ಇಲ್ಲಿ ತಾಸಿನ ಲೆಕ್ಕದ ಪಗಾರ:
ದೀಪಾವಳಿಗೆ ತಾಸಿಲ್ಲ, ಬ್ಯಾಸಗಿಗೆ ತಾಸಿಲ್ಲ,
ಹೊಟ್ಟಿಗೆ ಮಾತ್ರ ಸೂಟಿ ಇಲ್ಲ.
ಅಣ್ಣ ಕೇಳಿದ, ಕನ್ನಡ ಸಾಲ್ಯಾಗ ಕಲಿತಾಕಿ
ಅಲ್ಲಿ ಇಂಗ್ಲಿಷಿನಾಗ ಗಣಿತ ಹೆಂಗ ಹೇಳ್ತಿ?
ಸೊನ್ನಿ ಎಲ್ಲಾ ಕಡೆ ಗುಂಡಗ ಇರತೈತಿ, ಅಂದೆ.

ಒಂದಿನ ಏಳನೆತ್ತೆಗೆ ಬೋರ್ಡಿನ ಮ್ಯಾಲ ಬರದೆ:
ಒಬ್ಬಾಕಿಗೆ ಬೇಕಾದದ್ದು ಒಂದು ಲಕ್ಷ ಹನ್ನೆರಡು ಸಾವಿರದ ಆರನೂರು.
ಕೈಯಾಗಿದ್ದದ್ದು ಅರವತ್ತೊಂದು ಸಾವಿರ.
ಬಾಕಿ ಎಷ್ಟು?
ಐವತ್ತೊಂದು ಸಾವಿರದ ಆರನೂರು, ಅಂತ ಎಲ್ಲರೂ ಕೈ ಎತ್ತಿದರು.
ಕಿಟಕಿ ಬದಿ ಕುಂತ ಲಗಮವ್ವ ಎತ್ತಲಿಲ್ಲ.
ಆಕಿ ಹೋಗೂದ ಬ್ಯಾಡ ಅಂದರ
ಬಾಕಿ ಸೊನ್ನಿ ಅಲ್ರಿ, ಟೀಚರ?
ಅರ್ಧ ಮಾರ್ಕು ಕೊಟ್ಟೆ.
ಉಳಿದ ಅರ್ಧ ಯಾಕ ಕೊಡಲಿಲ್ಲ ಅಂತ
ನನಗೂ ಹೇಳಾಕ ಬರಲಿಲ್ಲ.

ಶುಕ್ರವಾರ ಸಂಜಿಕೆ ಗೌರಾಬಾಯಿ ಪಡಸಾಲ್ಯಾಗ ಭಿಶಿ.
ಇಪ್ಪತ್ತು ಮಂದಿ, ಮೂರ ಮೂರು ಸಾವಿರ.
ಯಾರು ಹೆಚ್ಚು ಕಳಕೊಳ್ಳಾಕ ತಯಾರೋ, ಗಂಟು ಅವರದು.
ಮರಾಠಿಯೊಳಗ ಬೋಲಿ ಅಂದರ
ಹರಾಜಿನ ಕೂಗೂ ಹೌದು, ಊರ ಮಾತೂ ಹೌದು.
ಐದು ಸಾವಿರ. ಆರು. ಏಳೂವರಿ.
ಒಬ್ಬೊಬ್ಬರ ಸುಮ್ಮನಾದರು.
ಎಂಟು, ಅಂದಳು ಜೈತುನ್‌ಬಿ.
ಮಗಳ ನರ್ಸಿಂಗ್ ಸೀಟು, ಮಿರಜದಾಗ,
ಸೋಮವಾರ ರೊಕ್ಕ ಕಟ್ಟೂ ಕಡೀ ದಿನ.

ಎಂಟು ಸಾವಿರದ ನಾಕನೂರು, ಅಂದೆ.

ಅದರ ಮ್ಯಾಲ ಒಂದು ರೂಪಾಯಿ ಏರಿದರೂ
ನನ್ನ ಲೆಕ್ಕ ಮುರಿಯತಿತ್ತು.
ಆಕೀಗೂ ಗೊತ್ತಿತ್ತು:
ಆಕಿ ಮಗ ಏಳನೆತ್ತೆದಾಂವ,
ಗಣಿತ ಮನಿಗೆ ಒಯ್ದಿದ್ದ.
ಬಾಯಿ ತೆರೆದಳು.
ಸೆರಗು ಸರಿ ಮಾಡಿಕೊಂಡಳು.
ಚಾ ಆರಾಕತ್ತೇತಿ, ಕುಡೀರಿ, ಅಂದಳು.

ಮನಿಗೆ ಬಂದು ಹಾಳಿ ತೆಗೆದೆ.
ಎಡಾ ಬಲಾ ಸರಿಹೋತು. ಬಾಕಿ ಸೊನ್ನಿ.
ಗುಂಡಗ ಬರೀಲಾಕ ಆಗಲಿಲ್ಲ.
ಸೋಮವಾರಕ್ಕ ಇನ್ನೂ ಮೂರು ದಿನ ಇತ್ತು.