ಹೆಪ್ಪು

ಕಪ್ಸಬೆಟ್ ಊರಾಚೆ, ಕೆನ್ಯಾದ ಕೆಮ್ಮಣ್ಣಿನ ಇಳಿಜಾರು.
ತಪ್ಕಿಗೆನ್ ಅಜ್ಜಿ ಸೋಯಾ ಬೀಜಕ್ಕೆ
ಸಕ್ಕರೆ ನೀರು ಚಿಮುಕಿಸಿ
ಪೊಟ್ಟಣದ ಕಪ್ಪು ಪುಡಿಯಲ್ಲಿ ಹೊರಳಿಸುತ್ತಾಳೆ,
ನೆರಳಲ್ಲಿ. ಬಿಸಿಲು ಬಡಿದರೆ ಸಾಯುತ್ತವಂತೆ.

"ಯಾವುವು?" ಜೆರೋಟಿಚ್ ಬಗ್ಗಿ ನೋಡಿದಳು.
ಮಸಿ, ಅಷ್ಟೇ.
"ಸೋರೆಬುರುಡೆಯ ಹಾಲನ್ನು ಹುಳಿ ಮಾಡುವವರನ್ನು
ನೀನು ಕಂಡಿದ್ದೀಯಾ?"

ಆರು ವಾರಕ್ಕೆ ಒಂದು ಗಿಡ, ಒಂದೇ,
ಬುಡಸಮೇತ ಎಬ್ಬಿಸಿ
ಬೇರಿನ ಗಂಟೊಂದನ್ನು ಉಗುರಲ್ಲಿ ಸೀಳಿದರೆ
ಒಳಗೆ ಕೆಂಪು:
ಹಲ್ಲು ಮೂಡುವ ಕೂಸಿನ ಒಸಡು.
ಅಜ್ಜಿ ಗಿಡವನ್ನು ಮತ್ತೆ ಹೂತಳು.
ಬದುಕಲಿಕ್ಕಿಲ್ಲ, ಗೊತ್ತು. ಆದರೂ.

ಬೇಲಿಯಾಚೆ ಕಿಮಾಗುಟ್
ತನ್ನ ಹಳದಿ ಎಲೆಗಳ ನಡುವೆ ನಿಂತು ಕೇಳಿದ:
"ಯಾವ ಗೊಬ್ಬರ ಹಾಕಿದೆ?"
"ಗಾಳಿ."

ಮುದುಕಿ ಗುಟ್ಟು ಬಿಡಲೊಲ್ಲಳು ಎಂದು
ನಕ್ಕು ಹೊರಟ.
ಮನೆಯೊಳಗೆ, ನೀರಿನ ಮಡಕೆಯ ತಣ್ಣನೆ ಮಗ್ಗುಲಲ್ಲಿ
ಅವನಿಗೆಂದೇ ಎತ್ತಿಟ್ಟ ಇನ್ನೊಂದು ಪೊಟ್ಟಣ.