ಪುಟ ಇನ್ನೂರ ಹನ್ನೆರಡು

ಭಾನುವಾರ ಪೀಣ್ಯದಲ್ಲಿ ಲೇತುಗಳಿಗೆ ರಜೆ.
ಮುನಿಆಂಜಿನಪ್ಪನ ಶೆಡ್ಡಿನ ಷಟರು ಅರ್ಧ ಎತ್ತಿ
ಬಗ್ಗಿ ಒಳಗೆ ಹೋಗುತ್ತೇವೆ,
ಕಂಕುಳಲ್ಲಿ ಬೂಟಿನ ಡಬ್ಬ, ಡಬ್ಬದಲ್ಲಿ ಹತ್ತಿ,
ಹತ್ತಿಯಲ್ಲಿ ಸೈನ್ಯ.

ಮೇಜೆಂದರೆ ಸರ್ಫೇಸ್ ಪ್ಲೇಟು. ಎರಕದ ಕಬ್ಬಿಣ,
ಕೂದಲೆಳೆಯಷ್ಟೂ ತಗ್ಗಿಲ್ಲ.
ಅದರ ಮೇಲೆ ಥರ್ಮೋಕೋಲಿನ ಗುಡ್ಡ,
ಕೆಟ್ಟುಹೋದ ಸ್ಪಾರ್ಕ್ ಪ್ಲಗ್ಗುಗಳ ಕೋಟೆ.
ಇದು ಹನ್ನೊಂದು ದೀಪಗಳ ಒಕ್ಕೂಟದ ಕಟ್ಟಕಡೆಯ ಗ್ರಹ.
ದೀಪವೆಂದರೆ ಸೂರ್ಯ. ಹತ್ತು ಆರಿವೆ.
ಹನ್ನೊಂದನೆಯದರ ಕಾವಲಿಗೆ ಒಬ್ಬಳು ಮುದುಕಿ,
ನಿಯಮದ ಪುಸ್ತಕದ ಪುಟ ಇನ್ನೂರ ಹನ್ನೆರಡರಲ್ಲಿ
ಅವಳ ಪಾಲಿಗೆ ಇರುವುದು ಒಂದೇ ಸಾಲು:
ಕಾವಲುಗಾತಿ ಉಸಿರು ಹಿಡಿದಿದ್ದಾಳೆ.

ಆ ಸಾಲಿಗೆ ಆರು ವರ್ಷ ಜಗಳವಾಡಿದ್ದೇವೆ.

ರೊಸಾರಿಯೊ ಪ್ರಕಾರ ಅವಳು ಸತ್ತಿದ್ದಾಳೆ,
ಒಂಬೈನೂರು ವರ್ಷ ಯಾರಾದ್ರೂ ಉಸಿರು ಹಿಡೀತಾರೇನ್ರೋ.
ಜಬೀನ್ ಎಕ್ಸ್‌ರೇ ರೂಮಿನವಳು,
ದಿನಕ್ಕೆ ನೂರು ಸಲ ಗಾಜಿನ ಹಿಂದಿನಿಂದ ಹೇಳುತ್ತಾಳೆ
ಉಸಿರು ಹಿಡೀರಿ, ಬಿಡಿ.
'ಬಿಡಿ ಅಂತ ಹೇಳೋದು ಯಾರೋ ಮರೆತಿದಾರೆ, ಅಷ್ಟೆ.'

ನನ್ನದು ಉಪ್ಪಿನ ದಳ. ನಲವತ್ತೊಂದು ಆಳು.
ಹಲ್ಲುಸೆಟ್ಟಿನ ಲ್ಯಾಬಿನಲ್ಲಿ ಮಿಕ್ಕ ಗುಲಾಬಿ ಮೇಣದಲ್ಲಿ
ಮೂಗು ತಿದ್ದಿ, ಅಚ್ಚು ತೆಗೆದು,
ಯಾರದೋ ಬಾಯಿಗೆ ಹೊಂದದೆ ವಾಪಸು ಬಂದ
ಬಾಚಿಹಲ್ಲುಗಳನ್ನು ಗುರಾಣಿ ಮಾಡಿಕೊಟ್ಟಿದ್ದೇನೆ.
ಒಣಗಿದ ಕಡಲಿನ ತಳದಲ್ಲಿ ಹುಟ್ಟಿದವರಂತೆ,
ಬಾಯಾರಿಕೆಯೇ ಬಾವುಟವಂತೆ.
ಗೆದ್ದದ್ದು ಕಡಿಮೆ.

ಈ ವಾರ ಹೊಸ ಆವೃತ್ತಿ ಬಂತು,
ಐವರೂ ದುಡ್ಡು ಹಾಕಿ ತರಿಸಿದ್ದು.
ಕಥೆಯ ಕಾಲ ನೂರು ವರ್ಷ ಮುಂದಕ್ಕೆ ಜಿಗಿದಿದೆ.
ದಳಗಳ ಪಟ್ಟಿಯನ್ನು ಜಬೀನ್ ಓದಿದಳು
ಬಾಡಿಗೆ ಕರಾರು ಓದುವ ದನಿಯಲ್ಲಿ.
ಉಪ್ಪಿನ ದಳ ಇರಲಿಲ್ಲ.

ಸೋತರು ಎಂದಾದರೂ ಬರೆಯಬಹುದಿತ್ತು.
ಗುಳೆ ಹೋದರು, ಕೆಮ್ಮಿ ಕೆಮ್ಮಿ ಸತ್ತರು, ಏನೋ ಒಂದು.
ಹಿಂದಿನ ಹೆಸರಿಂದ ಮುಂದಿನ ಹೆಸರಿಗೆ ಒಂದೇ ಹೆಜ್ಜೆ,
ನಡುವೆ ಗುಂಡಿಯೂ ಇಲ್ಲ.
ಪುಟ ಇನ್ನೂರ ಹನ್ನೆರಡು? ಅಂದೆ.
ಅಲ್ಲೀಗ ತೋಪುಗಳ ಅಂಕಪಟ್ಟಿ.

ತಿಪ್ಪೇರುದ್ರ ವಕೀಲರ ಗುಮಾಸ್ತ. ಟೀ ಲೋಟ ಕೆಳಗಿಟ್ಟು
ವಾದ ಹೂಡಿದ: ಅಳಿದರು ಅಂತ ಬರೆದಿಲ್ಲ,
ಆದ್ದರಿಂದ ಅಳಿದಿಲ್ಲ. ಹೆಣ ಸಿಗದವನಿಗೆ
ಕಾನೂನೇ ಏಳು ವರ್ಷ ಕಾಯುತ್ತೆ.
'ಅಲ್ಲಿ ನೂರಾಯ್ತಲ್ಲ' ಎಂದ ರೊಸಾರಿಯೊ.
'ಯಾರ ಕ್ಯಾಲೆಂಡರಲ್ಲಿ? ಸೂರ್ಯನೇ ಇಲ್ಲದ ಕಡೆ ವರ್ಷ ಎಲ್ಲಿಂದ ತಂದೆ?'
ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಯಿತು.

ಮುನಿಆಂಜಿನಪ್ಪ ಅಷ್ಟು ಹೊತ್ತೂ
ಹಿತ್ತಾಳೆ ನಳಿಗೆಯೊಂದಕ್ಕೆ ಅರ ಉಜ್ಜುತ್ತಿದ್ದ.
'ಈ ಶೆಡ್ಡಿರೋದು ಕೆರೆ ಅಂಗಳದಲ್ಲಿ' ಅಂದ.
'ನಮ್ ತಾತನ ಎತ್ತು ನೀರು ಕುಡೀತಿದ್ದುದು
ಅಗೋ, ಆ ಡ್ರಿಲ್ಲಿಂಗ್ ಮಿಷಿನ್ ಹತ್ರ.
ಹೊಸ ನಕ್ಷೇಲಿ ಕೆರೆ ಬರೀಲಿಲ್ಲ.
ಆದ್ರೂ ದೊಡ್ಡ ಮಳೆಗೆ ಮಂಡಿಯುದ್ದ ಬಂದು
ಮೋಟಾರು ಸುಟ್ಟು ಹೋಗ್ತದೆ.
ಅದಕ್ಕೆಲ್ಲಿ ಪಟ್ಟಿ ಓದೋಕೆ ಬತ್ತದೆ.'

'ಇದು ಪುರಾಣ ಅಲ್ಲ ಗುರು, ಒಳಚರಂಡಿ' ಎಂದ ರೊಸಾರಿಯೊ.
ಆದರೂ ಮಾತು ಅಲ್ಲಿಗೆ ನಿಂತಿತು.

ಕೊನೆಯ ಸುತ್ತು. ಉಪ್ಪಿನವರಿಗೆ ಐದೋ ಆರೋ ಬೀಳಬೇಕು.
ನಾನೆಸೆದ ದಾಳ ಪ್ಲೇಟಿನ ಅಂಚು ದಾಟಿ
ಮಿಲ್ಲಿಂಗ್ ಮಿಷಿನ್ನಿನ ಅಡಿಗೆ ಉರುಳಿತು,
ಒಂದೂವರೆ ಟನ್ನಿನ ಕೆಳಗೆ, ಹಳೇ ಗ್ರೀಸಿನ ಕತ್ತಲಿಗೆ.
ಮೊಬೈಲ್ ಟಾರ್ಚು, ಪೊರಕೆಕಡ್ಡಿ, ಆಯಸ್ಕಾಂತ
(ಪ್ಲಾಸ್ಟಿಕ್ಕಿಗೆ ಆಯಸ್ಕಾಂತ ಹಿಡಿದವನ ಹೆಸರು ಹೇಳುವುದಿಲ್ಲ).
ತಿಪ್ಪೇರುದ್ರ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ:
ತೀರ್ಪು ಕಾಯ್ದಿರಿಸಲಾಗಿದೆ.

ಹೊರಡುವಾಗ ಎಣಿಸಿ ಹತ್ತಿಗೆ ಹಾಕಿದೆ. ನಲವತ್ತು.
ಒಬ್ಬನ ತಳಕ್ಕೆ ಒಂದು ತೊಟ್ಟು ಅಂಟು ಹಾಕಿ
ಡ್ರಿಲ್ಲಿಂಗ್ ಮಿಷಿನ್ನಿನ ಬುಡದಲ್ಲಿ ನಿಲ್ಲಿಸಿ ಬಂದಿದ್ದೇನೆ,
ಎತ್ತು ನೀರು ಕುಡಿದ ಕಡೆಗೆ ಮುಖ ಮಾಡಿ.
ಗುರಾಣಿ ಒಂದಿಷ್ಟು ಹಳದಿ, ಬೀಡಿ ಸೇದುತ್ತಿದ್ದವರ ಹಲ್ಲಿನ ಬಣ್ಣ.
ಮುನಿಆಂಜಿನಪ್ಪ ನೋಡಿದ. ಗುಡಿಸುವಾಗ ಬಿಟ್ಟು ಗುಡಿಸ್ತೀನಿ ಅಂದ.