ಯಾರೂ ನೆಕ್ಕದ ಗೋಂದು

ಮನಾಮಾ ಅಂದರೆ ಬಹ್ರೇನಿನ ಆ ದೊಡ್ಡ ಪಟ್ಟಣವಲ್ಲ,
ಅಜ್ಮಾನಿನ ಶೇಖರಿಗೆ ಸೇರಿದ, ಕಡಲು ಕಾಣದ ಒಂದು ತುಂಡು.
ಹಜರ್ ಬೆಟ್ಟದ ಬುಡದಲ್ಲಿ ನಾಲ್ಕು ಖರ್ಜೂರದ ತೋಟ,
ಬಾವಿ, ಮಸೀದಿ, ಮತ್ತೊಂದು ಅಂಚೆ ಕಚೇರಿ.
ಕಾಗದ ಬರೆಯುವವರಿಗಿಂತ ಆಡುಗಳೇ ಹೆಚ್ಚಿದ್ದ ಊರಿಗೆ
ಅದು ಯಾತಕ್ಕೆ ಅಂತ
ಅಜ್ಜ ಖಲ್ಫಾನ್ ಯಾರನ್ನೂ ಕೇಳಲಿಲ್ಲ.
ಕೀಲಿ ಕೊಟ್ಟರು, ಕುರ್ಚಿ ಕೊಟ್ಟರು,
ಸಂಬಳವೂ ಆಗೀಗ ಬರುತ್ತಿತ್ತು.

ಒಂದು ದಿನ ಲ್ಯಾಂಡ್‌ರೋವರಿನಲ್ಲಿ ರಟ್ಟಿನ ಪೆಟ್ಟಿಗೆ ಬಂತು.
ಬಿಚ್ಚಿದರೆ ಗ್ರೆನೋಬಲ್, ಅರವತ್ತೆಂಟನೇ ಇಸವಿ:
ಕಾಲಿಗೆ ಹಲಗೆ ಕಟ್ಟಿಕೊಂಡ ಮನುಷ್ಯ
ಬಿಳೀ ಬೆಟ್ಟದ ತುದಿಯಿಂದ ಬಿದ್ದೇಬಿಟ್ಟಿದ್ದಾನೆ,
ಮುಖದಲ್ಲಿ ಹೆದರಿಕೆಯಿಲ್ಲ.
ಮೂಲೆಯಲ್ಲಿ ನಮ್ಮೂರ ಹೆಸರು.
ಅಜ್ಜ ಹೊರಗೆ ಬಂದು ಬೆಟ್ಟ ನೋಡಿದನಂತೆ.
ಕಂದು ಕಲ್ಲು. ನಲವತ್ತಾರು ಡಿಗ್ರಿ. ಒಂದು ಆಡು.
"ಯಾರೋ ವಿಳಾಸ ತಪ್ಪಿದ್ದಾರೆ."

ತಪ್ಪಿರಲಿಲ್ಲ. ಮೆಕ್ಸಿಕೊ ಬಂತು, ಸಪ್ಪೊರೊ ಬಂತು,
ಕತ್ತಿವರಸೆಯವರು, ಕುದುರೆಯವರು,
ಮಂಜುಗಡ್ಡೆಯ ಮೇಲೆ ಒಂಟಿಕಾಲಲ್ಲಿ ತಿರುಗುವ ಹುಡುಗಿ
(ಅವಳ ಲಂಗ ನೋಡಿ ಅಜ್ಜಿ ಹಾಳೆಯನ್ನೇ ಬೋರಲು ಹಾಕಿದಳು).
ಎಷ್ಟೋ ಚೀಟಿಗಳಿಗೆ ಮುದ್ರೆ ಆಗಲೇ ಬಿದ್ದಿತ್ತು,
ಯೂರೋಪಿನ ಯಾವುದೋ ಅಚ್ಚುಮನೆಯಲ್ಲಿ,
ಮೂಲೆಗೆ ಸರಿಯಾಗಿ, ಅಳತೆ ಹಿಡಿದು.
ತಿರುಗಿಸಿದರೆ ಗೋಂದು ಹಾಗೇ ಹೊಳೆಯುತ್ತಿತ್ತು.
ಪಯಣ ಮುಗಿಯಿತೆಂದು ಮುಂದೆ ಬರೆದಿದೆ,
ಹಿಂದೆ ಯಾರ ನಾಲಿಗೆಯ ಗುರುತೂ ಇಲ್ಲ.
ಅಜ್ಜನ ಕಬ್ಬಿಣದ ಮುದ್ರೆಗೆ ಕೆಲಸವಿಲ್ಲದೆ
ಮಸಿದಿಂಡು ಬಿರುಕು ಬಿಟ್ಟಿತ್ತು,
ಬತ್ತಿದ ಕಾಲುವೆಯ ತಳದ ಹಾಗೆ.

ಆಮೇಲೆ ಆ ಕಾಗದ. ಹಂಗೇರಿಯಿಂದ. ತಿಹಾಮೆರ್ ಅನ್ನುವ ಹುಡುಗ.
ನಾಬ್ಲುಸಿನಿಂದ ಬಂದಿದ್ದ ವಸ್ಫಿ ಮೇಷ್ಟ್ರು ಓದಿ ಹೇಳಿದರು:
"ಮಹಾಶಯರೇ, ನನಗೆ ಹನ್ನೊಂದು ವರ್ಷ.
ನಿಮ್ಮಲ್ಲಿ ಹಿಮ ಬೀಳುವುದು ಯಾವ ತಿಂಗಳು?
ಜಿಗಿಯುವವರಲ್ಲಿ ಎಲ್ಲರಿಗಿಂತ ಗಟ್ಟಿಗ ಯಾರು?"
ಅಜ್ಜ ಬರೆಸಿದ್ದು ಇಷ್ಟು:
"ಹಿಮವಿಲ್ಲ. ಒಮ್ಮೆ ಆಲಿಕಲ್ಲು ಬಿತ್ತು, ಮಕ್ಕಳು ತಿಂದರು.
ಜಿಗಿತದಲ್ಲಿ ಆಡುಗಳೇ ಮುಂದು.
ಪದಕ ಕೊಡುವ ವಾಡಿಕೆಯಿಲ್ಲ."
ಮುದ್ರೆ ಬೀಳದ ಒಬ್ಬ ಜಿಗಿತಗಾರನನ್ನು ಹಾಳೆಯಿಂದ ಹರಿದು
ನೆಕ್ಕಿ ಅಂಟಿಸಿದ. ಮಸಿದಿಂಡಿಗೆ ಲೋಟದ ನೀರು ಚಿಮುಕಿಸಿ
ಗುದ್ದಿದ, ಓರೆಯಾಗಿ, ಪಾಪ, ಅವನ ಮುಖದ ಮೇಲೇ.

ಮ್ಯೂನಿಕ್ಕಿನ ಆಟ ಶುರುವಾಗುವ ಹೊತ್ತಿಗೆ
ಏಳು ಶೇಖರಿಗೂ ಒಂದೇ ಬಾವುಟ, ಒಂದೇ ಅಂಚೆ;
ಹಳೆಯ ಚೀಟಿಗಳು ಸತ್ತಿದ್ದವು.
ಸೆಪ್ಟೆಂಬರಿನ ಆ ರಾತ್ರಿ ಅಜ್ಜ, ವಸ್ಫಿ ಮೇಷ್ಟ್ರು
ರೇಡಿಯೊದ ಮುಂದೆ ಪಕ್ಕಪಕ್ಕ ಕೂತಿದ್ದರು,
ಒಬ್ಬರ ಮುಖ ಒಬ್ಬರು ನೋಡಲಿಲ್ಲ.
ಪೆಟ್ಟಿಗೆಯಲ್ಲಿ ಓಟಗಾರರು ಇನ್ನೂ ನಗುತ್ತಲೇ ಇದ್ದರು.

ಸಂಗ್ರಾಹಕರು ಇವಕ್ಕೆ ಮರಳುದಿಬ್ಬ ಅನ್ನುತ್ತಾರೆ,
ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ.
ನಾನು ಬುಡಾಪೆಸ್ಟಿನ ವ್ಯಾಪಾರಿಗಳಿಗೆ ಬರೆದೆ,
ಓರೆ ಮುದ್ರೆಯ ಒಂದು ಲಕೋಟೆ ಕಂಡಿರಾ ಅಂತ.
ಒಬ್ಬ ಮಾತ್ರ ಉತ್ತರಿಸಿದ: "ಅಮ್ಮಾ ಮೌಜಾ,
ಮನಾಮಾದಿಂದ ನಿಜವಾಗಿ ಹೊರಟ ಕಾಗದವನ್ನು
ಮೂವತ್ತು ವರ್ಷದಲ್ಲಿ ನಾನು ನೋಡಿದ್ದಿಲ್ಲ."

ಕೊನೆಕೊನೆಗೆ ಅಜ್ಜನನ್ನು ಗಾಲಿಕುರ್ಚಿಯಲ್ಲಿ
ದುಬೈಯ ಮಾಲಿಗೆ ಕರೆದೊಯ್ದೆ. ಒಳಗೆ ಹಿಮದ ಗುಡ್ಡ.
ಬಾಡಿಗೆಯ ಕೋಟು ಅವನಿಗೆ ಎರಡು ಅಳತೆ ದೊಡ್ಡದು.
ಹಲಗೆ ಕಟ್ಟಿಕೊಂಡ ಹುಡುಗರು ಬೀಳುವುದನ್ನು ನೋಡಿದ
(ಇವರ ಮುಖದಲ್ಲಿ ಹೆದರಿಕೆ ಇತ್ತು).
ಬಗ್ಗಿ ಒಂದು ಚಿಟಿಕೆ ಹಿಮ ತೆಗೆದು
ನಾಲಿಗೆಯ ತುದಿಗಿಟ್ಟ. "ಸಪ್ಪೆ," ಅಂದ.
ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ:
"ಪೆನ್ನಿದೆಯಾ? ಆ ಹುಡುಗ ಕಾಯುತ್ತಿರುತ್ತಾನೆ,
ಯಾವ ತಿಂಗಳು ಅಂತ ಕೇಳಿದ್ದನಲ್ಲ.
ಬರೆ: ಹನ್ನೆರಡೂ."